ಮುಂದಿನ ವರ್ಷ ನೋಡ್ತಾ ಇರಿ

(ಕ್ರೀಡಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ, ನಮಸ್ಕಾರ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಒಂದು ಸೋಲಿನಿಂದ ಶುರು ಮಾಡುತ್ತೇನೆ. 1983ರ ಮಾರ್ಚ್, ಅಟ್ಲಾಂಟಾ ನಗರ, ಎಸಿಸಿ ಎಂಬ ಕಾಲೇಜು ಲೀಗಿನ ಟೂರ್ನಿ. ವರ್ಜೀನಿಯಾ 109, ಡ್ಯೂಕ್ 66. ವರ್ಜೀನಿಯಾದ ಕಡೆ ಏಳಡಿ ನಾಲ್ಕಿಂಚಿನ ರಾಲ್ಫ್ ಸ್ಯಾಂಪ್ಸನ್ ಇದ್ದರು, ಕಾಲೇಜಿನ ನಾಲ್ಕನೇ ವರ್ಷದಲ್ಲಿದ್ದ ಪಳಗಿದ ಆಟಗಾರ. ಡ್ಯೂಕ್ ಕಡೆ ತಂಡದ ಭಾರ ಹೊತ್ತಿದ್ದವರು ಮೊದಲ ವರ್ಷದ ಹುಡುಗರು: ಜಾನಿ ಡಾಕಿನ್ಸ್, ಮಾರ್ಕ್ ಅಲಾರಿ, ಜೇ ಬೈಲಸ್, ಡೇವಿಡ್ ಹೆಂಡರ್ಸನ್. ಆ ಋತುವಿನಲ್ಲಿ ತಂಡ ಗೆದ್ದದ್ದು 11, ಸೋತದ್ದು 17. ಅದರ ಹಿಂದಿನ ವರ್ಷ 10 ಗೆಲುವು, 17 ಸೋಲು. ಕೋಚ್ ಬಂದು ಮೂರು ವರ್ಷವಾಗಿತ್ತು. ಮೈಕ್ ಶಶೆಫ್‌ಸ್ಕಿ ಅಂತ, ಹೆಸರು ಹೇಳುವಷ್ಟರಲ್ಲೇ ನಾಲಿಗೆ ತೊಡರುತ್ತದೆ. ಇವರನ್ನು ಮೊದಲು ಮನೆಗೆ ಕಳಿಸಿ ಎನ್ನುವ ಅಭಿಮಾನಿಗಳಿಗೇನೂ ಕೊರತೆ ಇರಲಿಲ್ಲ.

ಅದೇ ಹುಡುಗರು ನಾಲ್ಕನೇ ವರ್ಷಕ್ಕೆ, 1985-86ರಲ್ಲಿ, 37 ಪಂದ್ಯ ಗೆದ್ದರು. ಸೋತದ್ದು ಮೂರೇ ಮೂರು. ರಾಷ್ಟ್ರೀಯ ಟೂರ್ನಿಯ ಫೈನಲ್‌ವರೆಗೂ ಹೋದರು.

ಇಲ್ಲಿಗೆ ನಿಲ್ಲಿಸಿದರೆ ತಾಳ್ಮೆಯ ಮೇಲೆ ಒಳ್ಳೆಯ ಭಾಷಣ ಬಿಗಿಯಬಹುದು. ಆದರೆ ಆ ಮೂರನೇ ಸೋಲು ಬಂದದ್ದು ಫೈನಲ್‌ನಲ್ಲೇ. ಲೂಯಿವಿಲ್ 72, ಡ್ಯೂಕ್ 69. ಅವತ್ತು ಲೂಯಿವಿಲ್ ಪರ 25 ಪಾಯಿಂಟ್ ಹಾಕಿ 11 ರಿಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಹಿಡಿದವನು ಪರ್ವಿಸ್ ಎಲಿಸನ್. ಯಾವ ವರ್ಷದವನು? ಮೊದಲನೇ ವರ್ಷದವನು! ನಾಲ್ಕು ವರ್ಷ ಪೆಟ್ಟು ತಿಂದು ಮಾಗಿದವರನ್ನು ಇನ್ನೂ ಹಾಸ್ಟೆಲ್ಲಿನ ದಾರಿ ಸರಿಯಾಗಿ ಗೊತ್ತಾಗದ ವಯಸ್ಸಿನ ಹುಡುಗ ಸೋಲಿಸಿ ಹೋದ. ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಯಾರು ಎಂಥ ಸಿದ್ಧಾಂತ ಕಟ್ಟಿದರೂ ಅದರ ಮೂಲೆಯಲ್ಲಿ ಒಬ್ಬ ಎಲಿಸನ್ ಕೂತಿರುತ್ತಾನೆ. ನಾನು ಹೇಳುವುದನ್ನೂ ಅವನನ್ನು ನೆನಪಿಟ್ಟುಕೊಂಡೇ ಕೇಳಿ.

ನಾನೂ ಒಂದು ಎಳೆಯ ತಂಡದ ಅಭಿಮಾನಿ. ಅಮೆರಿಕದ ಕಾಲೇಜು ತಂಡ. ಹೆಸರು ಹೇಳುವುದಿಲ್ಲ, ಹೇಳಿದರೆ ಕೊನೆಗೆ ಬರುವ ಪ್ರಶ್ನೆಗಳೆಲ್ಲ ಅದರ ಮೇಲೇ ಇರುತ್ತವೆ. ಮೊದಲ ಐವರಲ್ಲಿ ಹೆಚ್ಚಿನವರು ಒಂದನೇ, ಎರಡನೇ ವರ್ಷದವರು. ಹೋದ ವರ್ಷ ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ. ಈ ವರ್ಷ ಎರಡೂ ಸರಿಸಮಕ್ಕೆ ಬಂದಿವೆ, ಸೋತರೂ ಎದುರಿನವರ ಬೆವರಿಳಿಸಿ ಸೋಲುತ್ತಾರೆ. ಇಂಥ ತಂಡದ ಅಭಿಮಾನಿಗೆ ಕಪ್ಪಿನ ಕನಸು ಬೀಳುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ನನಗಂತೂ ಬೀಳುವುದಿಲ್ಲ. ಈ ಐವರು ಇನ್ನೊಂದು ವರ್ಷ ಒಟ್ಟಿಗೆ ಇರಲಿ ಎನ್ನುವುದೇ ನನ್ನ ಆಸೆ. ಕೇಳಲು ಸಣ್ಣದು. ಈಗಿನ ಕಾಲದಲ್ಲಿ ಕಪ್ಪು ಸಿಕ್ಕೀತು, ಇದು ಸಿಗುವುದು ಕಷ್ಟ. ಯಾಕೆ ಅಂತ ಹೇಳಲಿಕ್ಕೇ ಬಂದಿದ್ದೇನೆ.

ಈ ಆಟದಲ್ಲಿ ವಯಸ್ಸಿನ ಲೆಕ್ಕವೇ ಬೇರೆ. ಒಬ್ಬ ಆಟಗಾರನಿಗೆ ಸಿಗುವುದು ನಾಲ್ಕು ಋತು. ಹಿಂದೆ ಅದೂ ಇರಲಿಲ್ಲ. 1972-73ರ ಋತುವಿಗೆ ಮುಂಚೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ದೊಡ್ಡ ಕಾಲೇಜುಗಳಲ್ಲಿ ಮೊದಲ ವರ್ಷದವರು ಸಾಮಾನ್ಯವಾಗಿ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ. ಅವರದೇ ಒಂದು ಪ್ರತ್ಯೇಕ ತಂಡ, ಪ್ರತ್ಯೇಕ ಪಂದ್ಯ. ಇದರಿಂದ ತಮಾಷೆಗಳೂ ಆಗುತ್ತಿದ್ದವು. 1965ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ತನ್ನ ಹೊಸ ಒಳಾಂಗಣ ಪಾಲಿ ಪೆವಿಲಿಯನ್ ತೆರೆದಾಗ ಮುಖ್ಯ ತಂಡಕ್ಕೂ ಮೊದಲ ವರ್ಷದವರಿಗೂ ಪಂದ್ಯ ಇಟ್ಟರು. ಮುಖ್ಯ ತಂಡ ಅಂದರೆ 1964, 1965 ಎರಡೂ ವರ್ಷ ದೇಶಕ್ಕೇ ಚಾಂಪಿಯನ್. ಹುಡುಗರ ತಂಡದಲ್ಲಿ ಲ್ಯೂ ಅಲ್ಸಿಂಡರ್ ಅಂತ ಒಬ್ಬ ಇದ್ದ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವನು. ಹುಡುಗರು 75-60ರಲ್ಲಿ ಚಾಂಪಿಯನ್ನರನ್ನು ಸೋಲಿಸಿದರು. ಆದರೂ ನಿಯಮ ನಿಯಮವೇ. ಆ ವರ್ಷವೆಲ್ಲ ಅವನು ಮುಖ್ಯ ತಂಡದ ಹೊರಗೇ ಉಳಿದ. ಆಮೇಲೆ ಆಡಿದ ಮೂರೂ ವರ್ಷ, 1967, 68, 69, ಯುಸಿಎಲ್‌ಎ ಕಪ್ಪು ಗೆದ್ದಿತು.

ಆಮೇಲೆ ಗಾಳಿ ತಿರುಗಿತು. ವೃತ್ತಿಪರ ಲೀಗ್ ಎನ್‌ಬಿಎ 2006ರ ಹೊಸ ಆಟಗಾರರ ಆಯ್ಕೆಯಿಂದ ಒಂದು ಷರತ್ತು ಹಾಕಿತು: ಹೈಸ್ಕೂಲಿನಿಂದ ನೇರವಾಗಿ ಬರುವ ಹಾಗಿಲ್ಲ, 19 ತುಂಬಬೇಕು, ಶಾಲೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಆ ಒಂದು ವರ್ಷ ಕಳೆಯಲು ದೇಶದ ಅತಿ ಪ್ರತಿಭಾವಂತ ಹುಡುಗರು ಕಾಲೇಜಿಗೆ ಬಂದರು, ಬಂದಷ್ಟೇ ಬೇಗ ಹೊರಟರು. 2012ರಲ್ಲಿ ಆಂತೊನಿ ಡೇವಿಸ್ ಇದ್ದ ಕೆಂಟಕಿ ಗೆದ್ದದ್ದು ಹೀಗೆ. ತಮಾಷೆ ನೋಡಿ, ನಾಲ್ಕು ವರ್ಷ ಹುಡುಗರನ್ನು ಮಾಗಿಸುತ್ತಿದ್ದ ಅದೇ ಶಶೆಫ್‌ಸ್ಕಿ 2015ರಲ್ಲಿ ತಮ್ಮ ಐದನೇ ಕಪ್ಪು ಗೆದ್ದದ್ದು ಜಲೀಲ್ ಒಕಾಫೋರ್, ಟೈಅಸ್ ಜೋನ್ಸ್, ಜಸ್ಟಿಸ್ ವಿನ್ಸ್‌ಲೋ ಎಂಬ ಮೊದಲ ವರ್ಷದ ಮೂವರನ್ನು ನೆಚ್ಚಿಕೊಂಡು. ಮೂವರೂ ಆ ಬೇಸಿಗೆಯಲ್ಲೇ ಎನ್‌ಬಿಎಗೆ ಹೋದರು.

ಹಾಗಾಗಿ ಎಳೆಯ ತಂಡ ಎಂದಾಗ ಎರಡು ಜಾತಿ ಇವೆ ಎಂದು ತಿಳಿಯಬೇಕು. ಒಂದು, ಆಕಾಶದಿಂದ ಇಳಿದು ಬಂದವರು. ಅವರು ಎಳೆಯರಾಗಿರುವುದು ಮಾಗುವ ಮೊದಲೇ ಹೊರಟುಬಿಡುತ್ತಾರೆ ಎನ್ನುವ ಕಾರಣಕ್ಕೆ. ಇನ್ನೊಂದು, ಹಳಬರೆಲ್ಲ ಬಿಟ್ಟುಹೋಗಿ ಬೇರೆ ಗತಿಯಿಲ್ಲದೆ ಹುಡುಗರನ್ನು ಅಂಕಣಕ್ಕಿಳಿಸಿದ ತಂಡ. ನನ್ನದು ಈ ಎರಡನೇ ಜಾತಿ. ಮೊದಲನೆಯದನ್ನು ನೋಡುವುದು ಹಬ್ಬ. ಎರಡನೆಯದಕ್ಕೆ ಕಣ್ಣು ಪಳಗಬೇಕು.

ಏನನ್ನು ನೋಡಬೇಕು? ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಹೊತ್ತು ತಡೆದುಕೊಳ್ಳಿ.

ಗೆಲುವು ಸೋಲಿನ ಪಟ್ಟಿಯನ್ನು ಕೊನೆಗೆ ನೋಡಿ. ಒಂದೆರಡು ಪಾಯಿಂಟಿನಲ್ಲಿ ಮುಗಿಯುವ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಈ ವರ್ಷ ಅಂಥ ಪಂದ್ಯಗಳನ್ನೆಲ್ಲ ಗೆದ್ದ ತಂಡ ಮುಂದಿನ ವರ್ಷವೂ ಗೆಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಆದ್ದರಿಂದ ಕೆನ್ ಪಾಮರಾಯ್ ಅಂಥ ಅಂಕಿಅಂಶದ ಲೆಕ್ಕಿಗರು ಬೇರೆ ಅಳತೆಗೋಲು ಹಿಡಿದರು. ಚೆಂಡು ಒಂದು ತಂಡದ ಕೈಗೆ ಬಂದು ಕೈಬಿಟ್ಟು ಹೋಗುವವರೆಗಿನ ಅವಧಿಯನ್ನು ಒಂದು ಸರದಿ ಅನ್ನಿ. ಪುರುಷರ ಪಂದ್ಯದಲ್ಲಿ 20 ನಿಮಿಷದ ಎರಡು ಅವಧಿ, ಪ್ರತಿ ಸರದಿಗೆ 30 ಸೆಕೆಂಡಿನ ಗಡಿಯಾರ. ಒಂದು ತಂಡಕ್ಕೆ ಹೆಚ್ಚುಕಡಿಮೆ 70 ಸರದಿ ಸಿಗುತ್ತವೆ. ನೂರು ಸರದಿಗೆ ಎಷ್ಟು ಪಾಯಿಂಟ್ ಹಾಕುತ್ತಾರೆ, ಎಷ್ಟು ಬಿಟ್ಟುಕೊಡುತ್ತಾರೆ ಎಂದು ಲೆಕ್ಕ ಹಾಕಿದರೆ ವೇಗದ ತಂಡವನ್ನೂ ನಿಧಾನದ ತಂಡವನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು.

ಸರಾಸರಿ ತಂಡ ಒಂದು ಸರದಿಗೆ ಒಂದು ಪಾಯಿಂಟಿಗಿಂತ ತುಸು ಹೆಚ್ಚು ಹಾಕುತ್ತದೆ. ಅಂದರೆ ಬುಟ್ಟಿಗೆ ಎಸೆಯುವ ಮುಂಚೆಯೇ ಚೆಂಡು ಕಳೆದುಕೊಂಡರೆ, ಅಂದರೆ ಟರ್ನೋವರ್ ಆದರೆ, ಸುಮಾರು ಒಂದು ಪಾಯಿಂಟ್ ಕೈಯಾರೆ ಕೊಟ್ಟ ಹಾಗೆ. ಒಂದು ಪಂದ್ಯಕ್ಕೆ ಹದಿನಾರು ಸಲ ಚೆಂಡು ಕಳೆಯುತ್ತಿದ್ದ ತಂಡ ಹನ್ನೊಂದಕ್ಕೆ ಇಳಿಸಿದರೆ ಐದು ಪಾಯಿಂಟ್ ಉಳಿಯಿತು. ಯಾರೂ ಎತ್ತರವಾಗಿಲ್ಲ, ಯಾರ ಎಸೆತವೂ ಸುಧಾರಿಸಿಲ್ಲ, ಹೊಸ ಆಟಗಾರ ಬಂದಿಲ್ಲ. ಸುಮ್ಮನೆ ಚೆಂಡನ್ನು ಜೋಪಾನ ಮಾಡಿದ್ದಕ್ಕೆ ಐದು ಪಾಯಿಂಟ್! ಸ್ವಂತ ಅಂಕಣದಲ್ಲಿ ಆಡುವುದರ ಲಾಭವೇ ಸುಮಾರು ಮೂರು ಪಾಯಿಂಟ್ ಎನ್ನುತ್ತಾರೆ, ಅದಕ್ಕೆ ಹೋಲಿಸಿ ನೋಡಿ.

ಹುಡುಗರು ಚೆಂಡು ಕಳೆಯುವುದು ಕೈ ಸೋತು ಅಲ್ಲವೇ ಅಲ್ಲ. ಹೈಸ್ಕೂಲಿನಲ್ಲಿ ಖಾಲಿಯಾಗಿ ಕಾಣುತ್ತಿದ್ದ ಜಾಗ ಇಲ್ಲಿ ಅರೆಗಳಿಗೆಯಲ್ಲಿ ಮುಚ್ಚಿಹೋಗುತ್ತದೆ. ಜೊತೆಗಾರ ನಿಂತಿದ್ದಾನೆ ಎಂದು ನೋಡಿ ಪಾಸ್ ಕೊಟ್ಟರೆ ಅಷ್ಟರಲ್ಲಿ ಎದುರಾಳಿಯ ಕೈ ಅಲ್ಲಿ ಬಂದಿರುತ್ತದೆ. ಅವನು ಎಲ್ಲಿಗೆ ಬರುತ್ತಾನೆ ಎಂದು ಮೊದಲೇ ಗೊತ್ತಿರಬೇಕು. ಇದನ್ನು ಕೋಚ್ ಬೋರ್ಡಿನ ಮೇಲೆ ಬರೆದು ಕಲಿಸಲಾರರು. ಅದೇ ನಾಲ್ವರ ಜೊತೆ ದಿನಾ ಆಡಿ ಆಡಿಯೇ ಬರಬೇಕು. ಡಿಫೆನ್ಸ್ ಅಂತೂ ಪೂರ್ತಿ ಇದೇ. ಒಬ್ಬ ಹುಡುಗ ತನ್ನ ಎದುರಾಳಿಯ ಹಿಂದೆ ಬಿದ್ದ. ಬುಟ್ಟಿಯ ಹತ್ತಿರ ಇರುವವನು ಮುಂದೆ ಬಂದು ತಡೆಯಬೇಕು. ಅವನು ಬಿಟ್ಟ ಜಾಗಕ್ಕೆ ಮೂರನೆಯವನು ಸರಿಯಬೇಕು. ಅಂಚಿನಲ್ಲಿ ಇರುವವನು ಇಬ್ಬರನ್ನು ಒಬ್ಬನೇ ಕಾಯಬೇಕು. ಇಷ್ಟೂ ಒಂದು ಉಸಿರಿನೊಳಗೆ. ಎಳೆಯ ತಂಡದಲ್ಲಿ ಮೊದಲ ಇಬ್ಬರು ಸರಿಯಾಗಿ ಮಾಡುತ್ತಾರೆ, ಮೂರನೆಯವನು ನೋಡುತ್ತಾ ನಿಲ್ಲುತ್ತಾನೆ. ನೀವು ಟಿವಿಯಲ್ಲಿ ನೋಡುವಾಗ ಚೆಂಡನ್ನು ಬಿಟ್ಟು ಆ ಮೂರನೆಯವನನ್ನು ನೋಡಿ. ನವೆಂಬರಿನಲ್ಲಿ ನಿಂತು ನೋಡುತ್ತಿದ್ದವನು ಫೆಬ್ರವರಿಯಲ್ಲಿ ಯಾರೂ ಕೂಗದೆಯೇ ಸರಿದರೆ, ಸೋತರೂ ಚಿಂತೆಯಿಲ್ಲ, ತಂಡ ಬೆಳೆಯುತ್ತಿದೆ.

ಇನ್ನೊಂದು ವಿಷಯದಲ್ಲಿ ಎಚ್ಚರಿಕೆ ಹೇಳಬೇಕು. ಎದುರಿನವರು ನಾಲ್ಕಾರು ಪಂದ್ಯದಲ್ಲಿ ಮೂರು ಪಾಯಿಂಟಿನ ಎಸೆತಗಳನ್ನು ಸಿಕ್ಕಾಪಟ್ಟೆ ತಪ್ಪಿದರೆ, ನಮ್ಮ ಡಿಫೆನ್ಸ್ ಉಕ್ಕಾಯಿತು ಎಂದು ಕುಣಿಯಬೇಡಿ. ದೂರದ ಎಸೆತ ಬುಟ್ಟಿಗೆ ಬೀಳುವುದು ಬಿಡುವುದು ಬಹುಪಾಲು ಎಸೆದವನ ಕೈ ಮತ್ತು ಅವನ ದಿನ. ಎಷ್ಟು ಎಸೆತಕ್ಕೆ ಅವಕಾಶ ಕೊಟ್ಟೆವು ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಅಭಿಮಾನಿಗಳು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹೆಚ್ಚಾಗಿ ಇಂಥ ಲೆಕ್ಕ ನಂಬಿಯೇ.

ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒಂದು ಪಾಯಿಂಟಿನ ಎಸೆತ, ಅದರ ಬಗ್ಗೆ ಒಂದೇ ಮಾತು. ಹದಿನೈದು ಅಡಿ, ಎದುರಿಗೆ ಯಾರೂ ಅಡ್ಡ ಇಲ್ಲ, ಇದಕ್ಕೆ ವಯಸ್ಸಿನ ನೆಪ ಹೇಳುವಂತಿಲ್ಲ. 2019ರ ಸೆಮಿಫೈನಲ್‌ನಲ್ಲಿ ಆಬರ್ನ್ ವಿರುದ್ಧ ವರ್ಜೀನಿಯಾ ಎರಡು ಪಾಯಿಂಟ್ ಹಿಂದೆ, ಗಡಿಯಾರದಲ್ಲಿ ಉಳಿದದ್ದು 0.6 ಸೆಕೆಂಡ್. ಕೈಲ್ ಗೈ ಮೂರು ಫ್ರೀ ಥ್ರೋ ಹಾಕಬೇಕಿತ್ತು. ಮೂರನ್ನೂ ಹಾಕಿದ. 63-62.

ಆ ವರ್ಜೀನಿಯಾದ ಕತೆ ನಿಮಗೆ ಗೊತ್ತಿರಬಹುದು. 2018ರಲ್ಲಿ ಅದು ಇಡೀ ಟೂರ್ನಿಯ ಒಂದನೇ ನಂಬರಿನ ತಂಡ. ಮೊದಲ ಸುತ್ತಿನಲ್ಲಿ ತನ್ನ ಗುಂಪಿನ ಕೊನೆಯ, ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಎಂಬ ಸಣ್ಣ ಕಾಲೇಜಿನ ಕೈಯಲ್ಲಿ 74-54ರಲ್ಲಿ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗೆ ಯಾವತ್ತೂ ಆಗಿರಲಿಲ್ಲ. (ಮಹಿಳೆಯರಲ್ಲಿ 1998ರಲ್ಲೇ ಹಾರ್ವರ್ಡ್ ಸ್ಟ್ಯಾನ್‌ಫರ್ಡನ್ನು ಹಾಗೆ ಸೋಲಿಸಿತ್ತು, ಇದನ್ನು ಜನ ಮರೆಯುತ್ತಾರೆ.) ಮರುವರ್ಷ ಬಹುತೇಕ ಅದೇ ಹುಡುಗರು ಬಂದು ಕಪ್ಪು ಗೆದ್ದರು. ಪರ್ಡ್ಯೂ ಕತೆಯೂ ಇದರ ಅಣ್ಣತಮ್ಮನಂಥದು. 2023ರಲ್ಲಿ ಫೇರ್ಲಿ ಡಿಕಿನ್ಸನ್ ಎದುರು 63-58ರ ಸೋಲು, ಅದೇ ಒಂದು ಮತ್ತು ಹದಿನಾರರ ಜೋಡಿ. ಪರ್ಡ್ಯೂ ಕಡೆ ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಇದ್ದರು. ಆದರೆ ಅವರಿಗೆ ಚೆಂಡು ತಲುಪಿಸಬೇಕಾದ ಗಾರ್ಡುಗಳು, ಬ್ರೇಡನ್ ಸ್ಮಿತ್ ಮತ್ತು ಫ್ಲೆಚರ್ ಲಾಯರ್, ಮೊದಲ ವರ್ಷದವರು. 2024ಕ್ಕೆ ಅದೇ ಗಾರ್ಡುಗಳು ಎರಡನೇ ವರ್ಷ. ಆ ಸಲ ತಂಡ ಫೈನಲ್‌ಗೇ ಹೋಯಿತು; ಅಲ್ಲಿ ಕನೆಕ್ಟಿಕಟ್ 75-60ರಲ್ಲಿ ಸೋಲಿಸಿತು, ಅದು ಬೇರೆ ಮಾತು. ಈಡಿ ಎರಡೂ ವರ್ಷ ಅಷ್ಟೇ ಎತ್ತರ ಇದ್ದರು. ಅವರಿಗೆ ಚೆಂಡು ಕೊಡುವ ಕೈಗಳಿಗೆ ಒಂದು ವರ್ಷ ವಯಸ್ಸಾಗಿತ್ತು ಎನ್ನುವುದನ್ನು ನಾನು ದೊಡ್ಡದಾಗಿ ಕಾಣುತ್ತೇನೆ.

ಎಲ್ಲ ಕತೆಗಳೂ ಹೀಗೆ ನೇರವಾಗಿ ಹೋಗುವುದಿಲ್ಲ. ಮಿಷಿಗನ್ನಿನ ಐದು ಹುಡುಗರು, ಕ್ರಿಸ್ ವೆಬರ್, ಜೇಲೆನ್ ರೋಸ್, ಜುವಾನ್ ಹಾವರ್ಡ್, ಜಿಮ್ಮಿ ಕಿಂಗ್, ರೇ ಜ್ಯಾಕ್ಸನ್, 1992ರಲ್ಲಿ ಮೊದಲ ವರ್ಷಕ್ಕೇ ಫೈನಲ್ ತಲುಪಿ ಸೋತರು. 1993ರಲ್ಲಿ ಮತ್ತೆ ಬಂದರು. ಕೊನೆಯ ಹನ್ನೊಂದು ಸೆಕೆಂಡಿನಲ್ಲಿ, ಎರಡು ಪಾಯಿಂಟ್ ಹಿಂದಿರುವಾಗ, ವೆಬರ್ ಟೈಮ್‌ಔಟ್ ಕೇಳಿದ. ತಂಡದ ಟೈಮ್‌ಔಟುಗಳೆಲ್ಲ ಮುಗಿದಿದ್ದವು. ನಿಯಮ ಮೀರಿದ್ದಕ್ಕೆ ಟೆಕ್ನಿಕಲ್ ಫೌಲ್ ಎಂಬ ದಂಡ ಬಿತ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡನೇ ವರ್ಷ ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ ಎನ್ನುವುದಕ್ಕೆ ಈ ಮಾತು.

ಈಗ ನನ್ನ ಚಿಂತೆಯ ವಿಷಯಕ್ಕೆ ಬರೋಣ. ಹಿಂದೆ ಆಟಗಾರನೊಬ್ಬ ಕಾಲೇಜು ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಹಾಗಾಗಿ ಹೆಚ್ಚಿನವರು ಹೋಗುತ್ತಿರಲಿಲ್ಲ. 2018ರಲ್ಲಿ ಕಾಲೇಜು ಬದಲಾಯಿಸಬಯಸುವವರ ಪಟ್ಟಿ, ಟ್ರಾನ್ಸ್‌ಫರ್ ಪೋರ್ಟಲ್, ಬಂತು. ಹೆಸರು ಹಾಕಿದರೆ ಯಾವ ಕಾಲೇಜಿನ ಕೋಚ್ ಬೇಕಾದರೂ ಕರೆಯಬಹುದು. 2021ರಲ್ಲಿ ಹಾಗೆ ವರ್ಷ ಕೂರದೆಯೇ ಒಂದು ಸಲ ಕಾಲೇಜು ಬದಲಾಯಿಸುವ ಅವಕಾಶ ಸಿಕ್ಕಿತು. 2024ರಲ್ಲಿ ಎಷ್ಟು ಸಲ ಎಂಬ ಮಿತಿಯೂ ಹೋಯಿತು, ಓದಿನಲ್ಲಿ ಪಾಸಾಗಿದ್ದರೆ ಸಾಕು. ಜೊತೆಗೆ ದುಡ್ಡು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಹಾಗೆ ಕೊಡಲು ಶುರುವಾದ ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಇದರಿಂದ ಆಟ ಹಾಳಾಯಿತು ಎಂದು ಗೊಣಗುವ ಹಿರಿಯರ ಸಾಲಿಗೆ ನಾನು ಸೇರುವುದಿಲ್ಲ. ಕೋಚುಗಳು ಯಾವಾಗಲೂ ಹೆಚ್ಚು ಸಂಬಳ ಸಿಕ್ಕಲ್ಲಿಗೆ ಹೋಗುತ್ತಿದ್ದರು, ಅದನ್ನು ಯಾರೂ ದ್ರೋಹ ಎನ್ನಲಿಲ್ಲ. ಸ್ಟೇಡಿಯಂ ತುಂಬಿಸುವ ಹುಡುಗ ನಾಲ್ಕು ಕಾಸು ಕಂಡರೆ ಮಾತ್ರ ಸಂಸ್ಕೃತಿ ಮುಳುಗಿತೇ? ಅವನ ಆಟದ ಆಯುಷ್ಯ ಚಿಕ್ಕದು, ಮೊಣಕಾಲು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ನ್ಯಾಯ ಅವನ ಕಡೆಗಿದೆ. ನಷ್ಟ ನನಗೆ, ಅದನ್ನೂ ಒಪ್ಪುತ್ತೇನೆ. ಸಣ್ಣ ಕಾಲೇಜು ಒಬ್ಬನನ್ನು ಎರಡು ವರ್ಷ ತಿದ್ದಿ ತೀಡಿ ಆಟಗಾರನನ್ನಾಗಿ ಮಾಡುತ್ತದೆ, ಮೂರನೇ ವರ್ಷ ದೊಡ್ಡ ಕಾಲೇಜಿನ ಅಂಗಿ ತೊಟ್ಟು ಅವನು ಕಾಣಿಸುತ್ತಾನೆ. ಮುಂದಿನ ವರ್ಷ ನೋಡ್ತಾ ಇರಿ ಎನ್ನುವುದು ಎಳೆಯ ತಂಡದ ಅಭಿಮಾನಿಯ ಹಳೆಯ ಮಂತ್ರ. ಯಾರನ್ನು ನೋಡುವುದು ಎಂಬ ಪ್ರಶ್ನೆ ಆಗ ಇರಲಿಲ್ಲ.

ತಂಡ ಬೆಳೆಯುವುದನ್ನು ಕಣ್ಣಾರೆ ನೋಡಬೇಕು ಎನ್ನುವವರಿಗೆ ಮಹಿಳೆಯರ ಆಟ ನೋಡಿ ಎನ್ನುತ್ತೇನೆ. ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಅಮೆರಿಕದ ಆಟಗಾರ್ತಿಯರನ್ನು ಸಾಮಾನ್ಯವಾಗಿ 22 ತುಂಬುವ ವರ್ಷದವರೆಗೆ, ಇಲ್ಲವೇ ಪದವಿ ಮುಗಿಯುವವರೆಗೆ ತೆಗೆದುಕೊಳ್ಳುವುದಿಲ್ಲ. ಒಂದೇ ವರ್ಷಕ್ಕೆ ಹಾರಿಹೋಗುವ ಮಾತಿಲ್ಲ. ಪೋರ್ಟಲ್ ಅಲ್ಲೂ ಇದೆ, ಆದರೂ ಕೇಟ್ಲಿನ್ ಕ್ಲಾರ್ಕ್ ಅಯೋವಾದಲ್ಲಿ ನಾಲ್ಕು ವರ್ಷ ಆಡಿ 3,951 ಪಾಯಿಂಟ್ ಹಾಕಿದ್ದನ್ನು ಜನ ಮೊದಲಿನಿಂದ ಕೊನೆಯವರೆಗೆ ನೋಡಿದರು. ಡಾನ್ ಸ್ಟೇಲಿ 2008ರಲ್ಲಿ ಸೌತ್ ಕ್ಯಾರೊಲೈನಾಕ್ಕೆ ಕೋಚ್ ಆಗಿ ಬಂದಾಗ ಮೊದಲ ಋತು 10 ಗೆಲುವು, 18 ಸೋಲು. 2017ಕ್ಕೆ ಚಾಂಪಿಯನ್. ಇದು ನನ್ನ ವಾದಕ್ಕೆ ಒಪ್ಪುತ್ತದೆ. ಒಪ್ಪದಿರುವುದನ್ನೂ ಹೇಳಬೇಕು: ಅದೇ ಸ್ಟೇಲಿ 2023ರಲ್ಲಿ ಮೊದಲ ಐವರನ್ನೂ ಕಳೆದುಕೊಂಡು, ಹೊಸದಾಗಿ ಜೋಡಿಸಿದ ತಂಡ ಕಟ್ಟಿಕೊಂಡು, 2023-24ರಲ್ಲಿ ಆಡಿದ 38 ಪಂದ್ಯವನ್ನೂ ಗೆದ್ದರು. ಎಲಿಸನ್ ಒಬ್ಬನೇ ಅಲ್ಲ, ನೋಡಿ.

ಹಾಗಾದರೆ ಈ ಋತುವಿಗೆ ನನ್ನ ಆಸೆ ಏನು? ಚೆಂಡು ತಂದು ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್, ಇನ್ನೂ ಮೊದಲ ವರ್ಷ, ಮುನ್ನಡೆ ಇದ್ದಾಗಲೂ ಅವಸರಪಡುತ್ತಾನೆ; ಕೊನೆಯ ಎರಡು ನಿಮಿಷ ಗಡಿಯಾರದ ಜೊತೆ ಸ್ನೇಹ ಮಾಡಿಕೊಂಡು ಆಡುವುದನ್ನು ಒಂದು ಸಲವಾದರೂ ನೋಡಬೇಕು. ಫೆಬ್ರವರಿಯಲ್ಲಿ, ಎದುರಿನವರ ಅಂಕಣದಲ್ಲಿ, ಕಿವಿ ಕಿವುಡಾಗುವ ಗಲಾಟೆಯಲ್ಲಿ ಒಂದು ಪಂದ್ಯ ಗೆಲ್ಲಬೇಕು. ಮೊದಲು ಹತ್ತು ಪಾಯಿಂಟ್ ಹಿಂದೆ ಬಿದ್ದು, ಆಮೇಲೆ ಗೆದ್ದರೆ ಇನ್ನೂ ಒಳ್ಳೆಯದು. ನಮ್ಮ ಎತ್ತರದ ಹುಡುಗ ಎರಡು ಫೌಲ್ ಆದ ಮೇಲೂ ಬುದ್ಧಿ ಕಳೆದುಕೊಳ್ಳದೆ ಮೊದಲ ಅವಧಿ ಮುಗಿಸಬೇಕು. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯ ಪಟ್ಟಿಯಲ್ಲಿ ಹೆಸರು ಬಂದರೆ ಕುಣಿಯುತ್ತೇನೆ, ಸುಳ್ಳು ಯಾಕೆ ಹೇಳಲಿ. ಬರದಿದ್ದರೆ ನಾರ್ತ್‌ವೆಸ್ಟರ್ನ್ ಅಭಿಮಾನಿಗಳನ್ನು ನೆನೆಯುತ್ತೇನೆ. 1939ರಲ್ಲಿ ಎಂಟೇ ತಂಡಗಳೊಂದಿಗೆ ಮೊದಲ ಎನ್‌ಸಿಎಎ ಟೂರ್ನಿ ನಡೆದಾಗ ಫೈನಲ್ ಆದದ್ದು ಅವರದೇ ಕ್ಯಾಂಪಸ್ಸಿನ ಅಂಕಣದಲ್ಲಿ. ಅವರ ತಂಡ ಆ ಟೂರ್ನಿಗೆ ಕಾಲಿಟ್ಟದ್ದು 2017ರಲ್ಲಿ. ನಡುವೆ ಎಷ್ಟು ತಲೆಮಾರು ಮುಂದಿನ ವರ್ಷ ನೋಡ್ತಾ ಇರಿ ಎಂದಿರಬೇಕು!

(ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದರು: ನಿಮ್ಮ ಆ ಪಾಯಿಂಟ್ ಗಾರ್ಡ್ ಏಪ್ರಿಲ್‌ನಲ್ಲಿ ಪೋರ್ಟಲ್‌ಗೆ ಹೆಸರು ಕೊಟ್ಟರೆ ಏನು ಮಾಡುತ್ತೀರಿ?)

ಎರಡು ದಿನ ಮುಖ ಊದಿಸಿಕೊಂಡು ತಿರುಗುತ್ತೇನೆ. ಆಮೇಲೆ ಅವನು ಸೇರಿದ ತಂಡದ ಪಂದ್ಯಗಳ ಪಟ್ಟಿ ಹುಡುಕುತ್ತೇನೆ. ಅವಸರ ಬಿಟ್ಟನೋ ಇಲ್ಲವೋ ನೋಡಬೇಕಲ್ಲ, ಇಷ್ಟು ದಿನ ನೋಡಿದ್ದೇನೆ. ಅವನು ಚೆನ್ನಾಗಿ ಆಡಲಿ ಎಂದೇ ಹಾರೈಸುತ್ತೇನೆ, ನಮ್ಮ ಎದುರು ಆಡುವ ಆ ಒಂದು ದಿನ ಬಿಟ್ಟು. ಅವತ್ತು ಮಾತ್ರ ಹದಿನಾರು ಟರ್ನೋವರ್ ಮಾಡಲಿ.